ಹಲ್ಲು ಕೀಳಿಸಿದ ಮೇಲೆ: ರಾಮನಗರ ಸೀಮೆಯಲ್ಲಿ ಹಲ್ಲಿನ ವೈದ್ಯ ನಡೆದು ಬಂದ ದಾರಿ

ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿನ ರಾಮನಗರ, ಚನ್ನಪಟ್ಟಣ, ಅದರ ಎರಡು ಮಗ್ಗುಲಿಗೆ ಹರಡಿಕೊಂಡ ಮಾಗಡಿ, ಕನಕಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಹಲ್ಲು ಕೀಳುವ ಕೆಲಸ ಮೊದಲು ಮನೆಯ ಜಗಲಿಯ ಮೇಲೆ, ಸಂತೆಮಾಳದಲ್ಲಿ ನಡೆಯುತ್ತಿತ್ತು. ಆಮೇಲೆ ಅದು ಸರ್ಕಾರಿ ಔಷಧಾಲಯದ ಬೆಂಚಿಗೂ ಕೊನೆಗೆ ದಂತವೈದ್ಯರ ಕುರ್ಚಿಗೂ ಬಂತು. ಕೀಳುವುದು ಯಾವ ಕಾಲದಲ್ಲೂ ಕೆಲವೇ ನಿಮಿಷದ ಕೆಲಸ. ಬದಲಾದದ್ದು ಆ ನಿಮಿಷಗಳ ನೋವು ಮತ್ತು ಅದರ ಬೆನ್ನಿಗೆ ಬರುವ ಹತ್ತು ಹದಿನೈದು ದಿನ. ಜನ ಹೆದರುತ್ತಿದ್ದದ್ದು ಇಕ್ಕಳಕ್ಕೆ. ಪ್ರಾಣಕ್ಕೆ ಕುತ್ತು ತರುತ್ತಿದ್ದದ್ದು ಇಕ್ಕಳ ಬಾಯಿಂದ ಹೊರಬಂದ ಮೇಲೆ ನಿಲ್ಲದ ರಕ್ತ, ಏರುವ ಕೀವು.

ಹಳೆಯ ಕಡತಗಳಲ್ಲಿ ಈ ಊರುಗಳನ್ನು ಹುಡುಕುವವರು ಬೇರೆ ಹೆಸರುಗಳನ್ನು ನೆನಪಿಡಬೇಕು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ರಾಮನಗರ ಕ್ಲೋಸ್‌ಪೇಟೆಯಾಗಿತ್ತು. ಕನಕಪುರ ಕಾನಕಾನಹಳ್ಳಿಯಾಗಿತ್ತು. ನಾಲ್ಕೂ ಬೆಂಗಳೂರು ಜಿಲ್ಲೆಗೆ, 1986ರ ನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. 2007ರ ಆಗಸ್ಟ್‌ನಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಹೆಸರು, ಗಡಿ ಎಷ್ಟು ಬದಲಾದರೂ ದೊಡ್ಡ ಆಸ್ಪತ್ರೆ ಎಂದರೆ ಬೆಂಗಳೂರು ಎಂಬುದು ಬಹುಕಾಲ ಬದಲಾಗಲಿಲ್ಲ. ಈ ಸೀಮೆಯ ಹಲ್ಲಿನ ಕಥೆಯಲ್ಲಿ ಆ ಐವತ್ತು ಅರವತ್ತು ಕಿಲೋಮೀಟರ್ ದೂರಕ್ಕೆ ದೊಡ್ಡ ಪಾತ್ರವಿದೆ.

ಹಲ್ಲು ಹಾಳಾಗಲು ಊಟವೂ ಒಂದು ಕಾರಣ. ರಾಗಿ ಮುದ್ದೆಯ ಸೀಮೆಯಿದು. ಮುದ್ದೆಯನ್ನು ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗುವುದು ಇಲ್ಲಿನ ರೂಢಿ. ಸಕ್ಕರೆಯ ತಿನಿಸಿನಂತೆ ಅದು ಹಲ್ಲಿನ ಸಂದಿನಲ್ಲಿ ಹೊತ್ತುಗಟ್ಟಲೆ ಕೂತು ಹುಳಿಯುವುದಿಲ್ಲ. ಹಲ್ಲು ಕಳೆದುಕೊಂಡ ಮುದುಕರೂ ಹೊಟ್ಟೆ ತುಂಬ ಉಂಡು ಹೊಲಕ್ಕೆ ಹೋಗುವುದು ಈ ಊಟದಿಂದಾಗಿ ಸಾಧ್ಯವಿತ್ತು. ಹಲ್ಲು ಹೋದರೆ ಬದುಕೇ ಹೋಯಿತೆಂಬ ಆತಂಕ ಇಲ್ಲಿ ಅಷ್ಟಾಗಿ ಬೆಳೆಯದಿರಲು ಇದೂ ಒಂದು ಕಾರಣವಿರಬೇಕು. ಸಕ್ಕರೆ ಮಾತ್ರ ಇಲ್ಲಿಗೆ ಹೊಸದಲ್ಲ. 1800ರಲ್ಲಿ ಈ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕನನ್, ಚನ್ನಪಟ್ಟಣದಲ್ಲಿ ಬಹಳ ಬಿಳುಪಾದ ಸಕ್ಕರೆ ತಯಾರಾಗುತ್ತಿದ್ದುದನ್ನೂ ಅದರ ಗುಟ್ಟು ಒಂದೇ ಮನೆತನದ ಕೈಯಲ್ಲಿ ಇದ್ದುದನ್ನೂ ಬರೆದಿದ್ದಾನೆ. ಆದರೆ ಆ ಸಕ್ಕರೆ ಶ್ರೀರಂಗಪಟ್ಟಣದ ಅರಮನೆಗೆ ಹೋಗುವಂಥದು. ಹಳ್ಳಿಯ ಬಾಯಿಗೆ ಸಿಕ್ಕಿದ್ದು ಹಬ್ಬಕ್ಕೆ ಬೆಲ್ಲ. ದಿನಕ್ಕೆ ಮೂರು ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ, ಟೀ, ಜೊತೆಗೆ ಬಿಸ್ಕತ್ತು ಇಪ್ಪತ್ತನೇ ಶತಮಾನದ ಬಳುವಳಿ. ಹುಳುಕು ಹಲ್ಲು ಹೆಚ್ಚಿದ್ದೂ ಅದರ ಹಿಂದೆಯೇ.

ಹುಳುಕಿಗಿಂತ ಹಿಂದಿನಿಂದಲೂ ಹಲ್ಲು ಉದುರಿಸಿದ್ದು ವಸಡಿನ ರೋಗ. ಎಲೆ, ಅಡಿಕೆ, ಸುಣ್ಣ, ಅದರ ಮೇಲೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ, ಇದು ಗಂಡಸು ಹೆಂಗಸೆನ್ನದೆ ಬೆಳೆದ ಚಟ. ಸುಣ್ಣ, ಕರೆ ಹಲ್ಲಿನ ಬುಡದಲ್ಲಿ ಕಲ್ಲಾಗಿ ಕಟ್ಟಿ, ವಸಡು ಕೆಳಗೆ ಸರಿದು, ಒಂದು ದಿನ ಗಟ್ಟಿ ಹಲ್ಲೇ ಅಲುಗತೊಡಗುತ್ತದೆ. ಬೆಳಗಿನ ಬಾಯಿಶುದ್ಧಿಗೆ ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಆಲದ ಬಿಳಲು ಇದ್ದವು. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಯೂ ಇದ್ದವು. ಕಡ್ಡಿ ಒಳ್ಳೆಯದೇ. ಇಟ್ಟಿಗೆ ಪುಡಿಯನ್ನು ಬೆರಳಿನಿಂದ ತಿಕ್ಕಿ ತಿಕ್ಕಿ ಹಲ್ಲಿನ ಮೇಲ್ಪದರವನ್ನು ಸವೆಸಿಕೊಂಡವರು ಮಾತ್ರ ಬಹಳ. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದ ಮೇಲೆ ನಂಜನಗೂಡು ಹಲ್ಲುಪುಡಿ ಹಳೆ ಮೈಸೂರಿನ ಮನೆಮನೆಯ ಗೂಡಿಗೂ ಬಂತು. ಪುಡಿಯನ್ನು ಅಂಗಡಿಯಿಂದ ಕೊಂಡು ಹಲ್ಲುಜ್ಜುವ ಅಭ್ಯಾಸವನ್ನು ಈ ಕಡೆಯ ಪೇಟೆಗಳಿಗೆ ಕಲಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಇಲ್ಲಿನ ರೈತರಿಗೆ ಹಲ್ಲಿನ ಶಾಸ್ತ್ರ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸಂಕ್ರಾಂತಿಯ ಸುಮಾರಿಗೆ ರಾಮನಗರ–ಚನ್ನಪಟ್ಟಣದ ನಡುವೆ ಕೆಂಗಲ್ ಹನುಮಂತರಾಯನ ಜಾನುವಾರು ಜಾತ್ರೆ ಸೇರುತ್ತದೆ. ಅಲ್ಲಿ ಎತ್ತು ಕೊಳ್ಳುವವರು ಮೊದಲು ನೋಡುವುದು ಬಾಯಿ. ಹಾಲುಹಲ್ಲಿನ ಕರು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ ಎತ್ತು ಎಂದು ವಯಸ್ಸು ಕಟ್ಟಿ ಬೆಲೆ ಹೇಳುತ್ತಾರೆ. ಎತ್ತಿನ ಎಂಟೂ ಬಾಚಿಹಲ್ಲು ಯಾವ ವಯಸ್ಸಿಗೆ ಹುಟ್ಟುತ್ತವೆಂಬ ಲೆಕ್ಕ ಬಾಯಲ್ಲೇ ಇಟ್ಟುಕೊಂಡವರು ತಮ್ಮ ದವಡೆಯನ್ನು ತೆರೆದು ತೋರಿಸಿದ್ದು ನೋವು ತಡೆಯಲಾರದೆ ಹೋದಾಗಲೇ.

ನೋವು ಬಂದಾಗ ಮೊದಲ ಮದ್ದು ಅಡುಗೆಮನೆಯದು. ಲವಂಗವನ್ನು ಹಲ್ಲಿನಡಿ ಕಚ್ಚುವುದು, ಬಿಸಿ ಉಪ್ಪುನೀರು, ಕೆನ್ನೆಗೆ ಶಾಖ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನರದ ನೋವನ್ನು ಕೊಂಚ ಹೊತ್ತು ತಣಿಸುವುದು ನಿಜ. ಅದನ್ನೇ ಸತುವಿನ ಭಸ್ಮದೊಡನೆ ಕಲಸಿ ದಂತವೈದ್ಯರು ಇಂದಿಗೂ ತಾತ್ಕಾಲಿಕವಾಗಿ ತುಂಬುತ್ತಾರೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರದ ಎಲೆಯನ್ನು ಅಗಿದು ಹಲ್ಲುನೋವಿಗೆ ಇಟ್ಟುಕೊಳ್ಳುವುದು ದಕ್ಷಿಣ ಭಾರತದ ಹಲವೆಡೆ ಇರುವ ಪದ್ಧತಿ. ಚಕ್ರಕ್ಕೆ ಕೊಟ್ಟು ಅರಗಿನ ಬಣ್ಣ ಹತ್ತಿಸಿದ ಅದೇ ಮರದ ಗಿಲಕಿ, ಹಲ್ಲು ಹುಟ್ಟುವ ಕೂಸಿನ ಬಾಯಿಗೂ ಹೋಗುತ್ತದೆ. ಒಂದೇ ಮರ ಹಲ್ಲಿನ ಎರಡು ತುದಿಗೂ ಒದಗಿದ್ದು ಕಾಕತಾಳೀಯವೇ ಸರಿ.

ಹುಳುಕು ಹಲ್ಲಿನಲ್ಲಿ ನಿಜವಾಗಿ ಹುಳವಿದೆ ಎಂದು ನಂಬಿ, ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಸುಟ್ಟು ಆ ಹೊಗೆಯನ್ನು ಕೊಳವೆಯಿಂದ ಬಾಯಿಗೆ ತೆಗೆದುಕೊಳ್ಳುವ ಚಿಕಿತ್ಸೆಯೂ ಇತ್ತು. ಹೊಗೆ ಹಾಕಿಸಿಕೊಂಡ ಮೇಲೆ ತಟ್ಟೆಯ ನೀರಿನಲ್ಲಿ ಬಿಳಿಯ ಹುಳಗಳು ತೇಲಿದಂತೆ ಕಾಣುತ್ತಿದ್ದವು. ಅವು ಶಾಖಕ್ಕೆ ಸಿಡಿದ ಬೀಜದೊಳಗಿನ ಮೊಳಕೆಗಳು. ಇದನ್ನು ಕಂಡು ಹಳ್ಳಿಯವರನ್ನು ಹಳಿಯುವ ಅಗತ್ಯವಿಲ್ಲ. ಯೂರೋಪು ಕೂಡ ಹದಿನೆಂಟನೇ ಶತಮಾನದವರೆಗೆ ಹಲ್ಲಿನ ಹುಳವನ್ನು ನಂಬಿತ್ತು. ಪ್ಯಾರಿಸ್ಸಿನ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಅದನ್ನು ಅಲ್ಲಗಳೆದ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆಂದು ಡಬ್ಲ್ಯು. ಡಿ. ಮಿಲ್ಲರ್ ತೋರಿಸಿದ್ದು 1890ರಲ್ಲಿ.

ಮಕ್ಕಳ ಹಾಲುಹಲ್ಲಿಗೆ ವೈದ್ಯರು ಬೇಕಿರಲಿಲ್ಲ. ಅಲುಗುವ ಹಲ್ಲಿಗೆ ದಾರ ಕಟ್ಟಿ ಬಾಗಿಲಿಗೆ ಬಿಗಿಯುವುದು ಅಥವಾ ನಾಲಿಗೆಯಿಂದ ನೂಕುತ್ತ ಕಾಯುವುದು. ಬಿದ್ದ ಹಲ್ಲನ್ನು ಸಗಣಿಯ ಉಂಡೆಯೊಳಗೆ ಇಟ್ಟು ಹಂಚಿನ ಮೇಲಕ್ಕೆ ಎಸೆಯುವುದು ಈ ಸೀಮೆಯಷ್ಟೇ ಅಲ್ಲ, ಕನ್ನಡ ನಾಡಿನ ಬಹುಭಾಗದ ರೂಢಿ. ಹಲ್ಲು ಯಾರ ಕಾಲಿಗೂ ಸಿಗಬಾರದು, ಹೊಸ ಹಲ್ಲು ನೆಟ್ಟಗೆ ಬರಬೇಕು ಎಂಬುದು ಅದರ ಹಿಂದಿನ ನಂಬಿಕೆ. ಬೇರು ತಾನಾಗಿ ಕರಗಿ ಬೀಳುವ ಹಾಲುಹಲ್ಲು ರಕ್ತ ಬಿಡುವುದೂ ಕಡಿಮೆ, ನೋಯುವುದೂ ಕಡಿಮೆ. ದೊಡ್ಡವರ ದವಡೆ ಹಲ್ಲನ್ನೂ ಹೀಗೆಯೇ ಎಳೆದು ತೆಗೆಯಬಹುದೆಂಬ ತಪ್ಪು ತಿಳಿವಳಿಕೆಗೆ ಈ ಬಾಲ್ಯದ ಅನುಭವ ಎಡೆಮಾಡಿಕೊಟ್ಟಿದ್ದರೆ ಆಶ್ಚರ್ಯವಿಲ್ಲ.

ದೊಡ್ಡವರ ಹಲ್ಲನ್ನು ಕೀಳುವ ಕೆಲಸ ಹಳ್ಳಿಗಳಲ್ಲಿ ಹೆಚ್ಚಾಗಿ ಕ್ಷೌರಿಕ ವೃತ್ತಿಯವರ ಪಾಲಿಗೆ ಬಂದಿತ್ತು. ಹಳೆ ಮೈಸೂರಿನ ನಾಯಿಂದ ಸಮುದಾಯದವರು ಕ್ಷೌರ, ಮಂಗಳವಾದ್ಯಗಳ ಜೊತೆಗೆ ಕುರು ಕೊಯ್ಯುವುದು, ಗಾಯ ಕಟ್ಟುವುದು ಮುಂತಾದ ಸಣ್ಣ ಶಸ್ತ್ರಚಿಕಿತ್ಸೆಗಳನ್ನೂ ಮಾಡುತ್ತಿದ್ದರು. ಅವರ ಮನೆಯ ಹೆಂಗಸರು ಸೂಲಗಿತ್ತಿಯರಾಗಿದ್ದರು. ಹರಿತವಾದ ಶಸ್ತ್ರ, ನಡುಗದ ಕೈ, ಮನುಷ್ಯರ ಮುಖವನ್ನು ದಿನವೂ ಹಿಡಿದು ಕೆಲಸ ಮಾಡುವ ಅಭ್ಯಾಸ ಮೂರೂ ಇದ್ದವರು ಊರಿನಲ್ಲಿ ಅವರೊಬ್ಬರೇ. ಇಕ್ಕಳಕ್ಕೆ ಕಮ್ಮಾರನಿದ್ದ. ಮಾಗಡಿ ಬಳಿಯ ಘಟ್ಟಿಪುರದಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನು ಬುಕನನ್ ಕಂಡು ವಿವರವಾಗಿ ಬರೆದಿದ್ದಾನೆ. ಚನ್ನಪಟ್ಟಣದ ಉಕ್ಕಿನ ತಂತಿ ವೀಣೆ ತಂಬೂರಿಗಳಿಗೆ ಹೆಸರಾಗಿತ್ತು. ಲೋಹದ ಕಸುಬಿಗೆ ಈ ಸೀಮೆಯಲ್ಲಿ ಕೊರತೆ ಇರಲಿಲ್ಲ. ಇದ್ದ ಕೊರತೆ ಹಲ್ಲಿನ ಬೇರಿನ ಆಕಾರದ ತಿಳಿವಳಿಕೆಯದು.

ಹಲ್ಲು ಮೂಳೆಯ ಗುಳಿಯಲ್ಲಿ ನೂರಾರು ಸಣ್ಣ ನಾರುಗಳಿಂದ ಬಿಗಿಯಾಗಿ ನಿಂತಿರುತ್ತದೆ. ಕೆಳದವಡೆಯ ಹಿಂಬದಿ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ಅದನ್ನು ನೇರವಾಗಿ ಎಳೆದರೆ ಬರುವುದು ಅರ್ಧ ಹಲ್ಲು. ಬೇರು ಮುರಿದು ಒಳಗೇ ಉಳಿಯುತ್ತದೆ. ಹಲ್ಲನ್ನು ಬುಡದ ಕಡೆಗೆ ಒತ್ತಿ, ಕೆನ್ನೆಯ ಕಡೆಗೂ ನಾಲಿಗೆಯ ಕಡೆಗೂ ನಿಧಾನವಾಗಿ ಅಲುಗಿಸಿ, ಗುಳಿಯನ್ನು ಹಿಗ್ಗಿಸಿದ ಮೇಲಷ್ಟೇ ಅದು ಪೂರ್ತಿ ಬಿಟ್ಟುಕೊಡುತ್ತದೆ. ನೆಲದಲ್ಲಿ ಆಳಕ್ಕೆ ಹೂತ ಗೂಟವನ್ನು ಕೀಳುವವರಿಗೆ ಈ ಉಪಾಯ ಗೊತ್ತು. ಇಂಗ್ಲೆಂಡಿನ ಜಾನ್ ಟೋಮ್ಸ್ 1840ರ ಸುಮಾರಿಗೆ ಒಂದೊಂದು ಬಗೆಯ ಹಲ್ಲಿನ ಕುತ್ತಿಗೆಗೆ ಒಪ್ಪುವಂತೆ ಬೇರೆ ಬೇರೆ ಇಕ್ಕಳಗಳನ್ನು ರೂಪಿಸಿದ. ಇಂದಿಗೂ ಇಕ್ಕಳಗಳ ಮೂಲ ಆಕಾರ ಅದೇ. ಅದಕ್ಕೂ ಮುಂಚೆ ಯೂರೋಪಿನವರು ಬಳಸುತ್ತಿದ್ದ, ಬೀಗದ ಕೈಯಂತೆ ತಿರುಗಿಸುವ ಸಾಧನ ಹಲ್ಲಿನ ಜೊತೆಗೆ ದವಡೆಯ ಮೂಳೆಯನ್ನೂ ಮುರಿಯುತ್ತಿತ್ತು. ಕ್ಷೌರಿಕರ ಇಕ್ಕಳ ಅದಕ್ಕಿಂತ ಕ್ರೂರವಾಗಿತ್ತೆಂದು ಹೇಳಲು ಕಾರಣವಿಲ್ಲ.

ಶಾಸ್ತ್ರಗ್ರಂಥಗಳ ವೈದ್ಯ ಇದಕ್ಕಿಂತ ಎಚ್ಚರದ್ದು. ವಾಗ್ಭಟನ ಅಷ್ಟಾಂಗಹೃದಯ ಯಂತ್ರಗಳ ಪಟ್ಟಿಯಲ್ಲಿ ಹಲ್ಲು ಕೀಳಲೆಂದೇ ನಾಲ್ಕು ಅಂಗುಲ ಉದ್ದದ, ಬಾಣದ ಹಿಂತುದಿಯಂಥ ಮುಖವಿರುವ ಸಾಧನವೊಂದನ್ನು ಹೇಳುತ್ತದೆ. ಸುಶ್ರುತ ಸಂಹಿತೆ ಹಲ್ಲಿನ ಬುಡದಲ್ಲಿ ಕೀವಿನ ನಾಳ ಬಿದ್ದಾಗ ಆ ಹಲ್ಲನ್ನು ತೆಗೆದು, ಜಾಗವನ್ನು ಶುದ್ಧ ಮಾಡಿ, ಕ್ಷಾರದಿಂದಲೋ ಬೆಂಕಿಯಿಂದಲೋ ಸುಡಬೇಕೆನ್ನುತ್ತದೆ. ಅದರ ಜೊತೆಗೇ ಒಂದು ಕಟ್ಟುನಿಟ್ಟಿನ ನಿಷೇಧವಿದೆ: ಮೇಲ್ದವಡೆಯ ಹಲ್ಲು ಅಲುಗುತ್ತಿದ್ದರೂ ಕೀಳಬಾರದು, ಕಿತ್ತರೆ ಅತಿರಕ್ತಸ್ರಾವದಿಂದ ಕಣ್ಣು ಹೋಗಬಹುದು, ಮುಖ ವಾಲಬಹುದು.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಮಾತನ್ನು ಈ ಸೀಮೆಯ ಹಳ್ಳಿಗಳಲ್ಲೂ ದಂತವೈದ್ಯರು ಇಂದಿಗೂ ಕೇಳುತ್ತಾರೆ. ಸಂಹಿತೆಯ ಮಾತು ಬಾಯಿಂದ ಬಾಯಿಗೆ ಇಳಿಯಿತೋ, ಜನರ ಅನುಭವವೇ ಸಂಹಿತೆಗೆ ಏರಿತೋ, ಎರಡರ ನಡುವಿನ ಹೋಲಿಕೆಯಂತೂ ಅಚ್ಚರಿಯದು. ಮೇಲಿನ ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕೀಳುವುದರಿಂದ ಕಣ್ಣು ಹೋಗುವುದಿಲ್ಲ. ಆದರೆ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಮೇಲಿನ ಕೋರೆಹಲ್ಲಿನ ಕೀವು ಏರಿದರೆ ಕಣ್ಣಿನ ಕೆಳಭಾಗ ಊದಿ ರೆಪ್ಪೆ ಮುಚ್ಚಿಹೋಗುತ್ತದೆ. ಆ ಭಾಗದ ರಕ್ತನಾಳಗಳ ಮೂಲಕ ಸೋಂಕು ಅಪರೂಪಕ್ಕೆ ತಲೆಬುರುಡೆಯ ಒಳಕ್ಕೂ ಹೋಗಿ, ದೃಷ್ಟಿಗೂ ಪ್ರಾಣಕ್ಕೂ ಅಪಾಯ ತರುತ್ತದೆ. ಅಂಥ ಸ್ಥಿತಿಯಲ್ಲಿ, ಶುದ್ಧಿಯಿಲ್ಲದ ಇಕ್ಕಳದಿಂದ ಹಲ್ಲು ಕಿತ್ತು, ಆಮೇಲೆ ರೋಗಿ ಕೆಟ್ಟರೆ ಬಯ್ಗುಳ ಇಕ್ಕಳಕ್ಕೇ ಬೀಳುತ್ತಿತ್ತು. ಹಲ್ಲು ಉದುರುವ ವಯಸ್ಸೂ ಕಣ್ಣಿಗೆ ಪೊರೆ ಬರುವ ವಯಸ್ಸೂ ಒಂದೇ ಆಗಿರುವುದು ಈ ನಂಬಿಕೆಗೆ ಇನ್ನಷ್ಟು ಬಲ ಕೊಟ್ಟಿತು. ಇದರಿಂದ ಆದ ನಷ್ಟ ಮಾತ್ರ ಸಣ್ಣದಲ್ಲ. ಕೀಳಲೇಬೇಕಾದ ಮೇಲಿನ ಹಲ್ಲನ್ನು ಹೆದರಿ ಇಟ್ಟುಕೊಂಡು, ಕೀವು ಕಣ್ಣಿನ ತನಕ ಏರುವವರೆಗೆ ಕಾದವರಿದ್ದಾರೆ. ಯಾವ ಅಪಾಯಕ್ಕೆ ಹೆದರಿದರೋ ಅದನ್ನೇ ಕಾಯುವಿಕೆ ಕರೆತಂದಿತು.

ಕಿತ್ತ ಮೇಲೆ ಹಳ್ಳಿಯ ಉಪಚಾರವೇನು? ಗುಳಿಗೆ ಅರಿಸಿನ ಒತ್ತುವುದು, ಬಟ್ಟೆಯ ಉಂಡೆ ಕಚ್ಚಿಕೊಳ್ಳುವುದು, ಉಪ್ಪುನೀರು ಮುಕ್ಕಳಿಸುವುದು, ತಣ್ಣನೆಯ ರಾಗಿ ಅಂಬಲಿ ಕುಡಿಯುವುದು. ಬಟ್ಟೆ ಕಚ್ಚುವುದೂ ಅಂಬಲಿಯೂ ಇಂದಿನ ವೈದ್ಯವೂ ಒಪ್ಪುವ ಉಪಾಯಗಳು. ಆದರೆ ಬಟ್ಟೆ ಕೊಳಕಾಗಿರುತ್ತಿತ್ತು. ಉಪ್ಪುನೀರನ್ನು ರಕ್ತ ಹೆಪ್ಪುಗಟ್ಟುವ ಮೊದಲೇ ಜೋರಾಗಿ ಮುಕ್ಕಳಿಸಿ ಉಗುಳುತ್ತಿದ್ದರು. ನೋವು ಮರೆಯಲೆಂದು ಹೊಗೆಸೊಪ್ಪು ಅಗಿಯುವವರೂ ಇದ್ದರು. ಕೆಳದವಡೆಯ ಸೋಂಕು ನಾಲಿಗೆಯ ಅಡಿಗೆ, ಕುತ್ತಿಗೆಗೆ ಇಳಿದು ಉಸಿರು ಕಟ್ಟಿಸುವುದನ್ನು ಜರ್ಮನಿಯ ಲುಡ್ವಿಗ್ 1836ರಲ್ಲಿ ವಿವರಿಸಿದ್ದಾನೆ. ಆಂಟಿಬಯೋಟಿಕ್ ಬರುವ ಮೊದಲು ಆ ರೋಗ ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಹಲ್ಲುನೋವಿನಿಂದ ಯಾರಾದರೂ ಸಾಯುತ್ತಾರೆಯೇ ಎಂದು ಇಂದು ಕೇಳುವವರು ಆ ಕಾಲವನ್ನು ನೋಡಿಲ್ಲ.

1881–82ರಲ್ಲಿ ಬೆಂಗಳೂರು–ಮೈಸೂರು ರೈಲು ಹಂತಹಂತವಾಗಿ ತೆರೆಯಿತು. ಕ್ಲೋಸ್‌ಪೇಟೆ, ಚನ್ನಪಟ್ಟಣಗಳಿಗೆ ಬೆಂಗಳೂರು ಕೆಲವು ಗಂಟೆಗಳ ದಾರಿಯಾಯಿತು. ಮಾಗಡಿಗೂ ಕನಕಪುರಕ್ಕೂ ಇಂದಿನವರೆಗೆ ರೈಲು ಬಂದಿಲ್ಲ. ಮೈಸೂರು ಸಂಸ್ಥಾನ ತಾಲ್ಲೂಕು ಕೇಂದ್ರಗಳಲ್ಲಿ ಔಷಧಾಲಯಗಳನ್ನು ತೆರೆದದ್ದೂ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳ ಕೆಲಸ. ಅಲ್ಲಿ ದಂತವೈದ್ಯರೆಂಬ ಪ್ರತ್ಯೇಕ ಹುದ್ದೆ ಇರಲಿಲ್ಲ. ಜ್ವರಕ್ಕೆ ಕ್ವಿನೈನ್ ಕೊಡುವ, ಹುಣ್ಣಿಗೆ ಕಟ್ಟು ಹಾಕುವ ವೈದ್ಯರೇ ಹಲ್ಲನ್ನೂ ಕೀಳಬೇಕಿತ್ತು. ಕಷ್ಟದ ರೋಗಿಯನ್ನು ಬೆಂಗಳೂರಿಗೆ ಕಳಿಸುವುದಿತ್ತು. ಅಲ್ಲಿ ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರಿನಲ್ಲಿ ತೆರೆಯಿತು. ದೂರ ಹೋಗಬೇಕಾದ ಕಾಯಿಲೆಯನ್ನು ಜನ ಸಹಿಸಿಕೊಂಡೇ ಇರುತ್ತಾರೆ. ಉಳಿಸಬಹುದಾಗಿದ್ದ ಹಲ್ಲು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೀಳದೆ ಗತಿಯಿಲ್ಲ ಎಂಬ ಸ್ಥಿತಿಗೆ ಬಂದಿರುತ್ತಿತ್ತು. ಹಲ್ಲಿನ ಆಸ್ಪತ್ರೆ ಎಂದರೆ ಕೀಳುವ ಜಾಗವೆಂಬ ಅಭಿಪ್ರಾಯ ಈ ಕಡೆ ಗಟ್ಟಿಯಾದದ್ದು ಹೀಗೆ.

ನೋವಿಲ್ಲದೆ ಹಲ್ಲು ತೆಗೆಯುವ ಯತ್ನ ಶುರುವಾದದ್ದು ಅಮೆರಿಕದಲ್ಲಿ. ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರಿನಲ್ಲಿ ನಗೆ ಅನಿಲ ಸೇವಿಸಿ ತನ್ನದೇ ಹಲ್ಲನ್ನು ಕೀಳಿಸಿಕೊಂಡ. ಎರಡು ವರ್ಷದ ಬಳಿಕ ವಿಲಿಯಂ ಮಾರ್ಟನ್ ಈಥರ್‌ನ ಗುಣವನ್ನು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ತೋರಿಸಿದ, ಅವನೂ ದಂತವೈದ್ಯನೇ. ಇಡೀ ಶಸ್ತ್ರವೈದ್ಯಕ್ಕೆ ಅರಿವಳಿಕೆಯನ್ನು ಕೊಟ್ಟದ್ದು ಹಲ್ಲುನೋವು ಎನ್ನಬಹುದು. ಆದರೆ ಒಂದು ಹಲ್ಲಿಗಾಗಿ ಮನುಷ್ಯನನ್ನೇ ಪ್ರಜ್ಞೆ ತಪ್ಪಿಸುವುದು ಪೇಟೆಯ ಔಷಧಾಲಯಕ್ಕೆ ಒಗ್ಗುವ ಕೆಲಸವಲ್ಲ. ದವಡೆಯ ನರಕ್ಕಷ್ಟೇ ಮದ್ದು ಚುಚ್ಚುವ ವಿಧಾನ 1884ರ ನಂತರ ಕೊಕೇನ್‌ನಿಂದ ಸಾಧ್ಯವಾಯಿತು. 1905ರಲ್ಲಿ ಬಂದ ನೊವೊಕೇನ್ ಅದರ ಚಟದ ಅಪಾಯವನ್ನು ಕಳೆಯಿತು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಲಿಡೊಕೇನ್ 1948ರಲ್ಲಿ ಮಾರುಕಟ್ಟೆಗೆ ಬಂತು. ಲಿಗ್ನೊಕೇನ್ ಎಂಬ ಹೆಸರಿನಲ್ಲಿ ಅದೇ ಇಂದು ರಾಮನಗರದ ಕ್ಲಿನಿಕ್ಕುಗಳ ಸಿರಿಂಜಿನಲ್ಲಿರುವುದು. ಅದಕ್ಕೆ ಬೆರೆಸುವ ಒಂದಿಷ್ಟು ಅಡ್ರಿನಲಿನ್ ರಕ್ತನಾಳಗಳನ್ನು ಕಿರಿದಾಗಿಸಿ ಮರಗಟ್ಟುವಿಕೆಯನ್ನು ಹೆಚ್ಚು ಹೊತ್ತು ಉಳಿಸುತ್ತದೆ.

ಅದೇ 1948ರಲ್ಲಿ ಭಾರತದಲ್ಲಿ ದಂತವೈದ್ಯರ ಕಾಯ್ದೆ ಬಂತು. ಪದವಿ ಪಡೆದವರನ್ನು ಪಟ್ಟಿಯ ಎ ಭಾಗದಲ್ಲಿ, ಪದವಿಯಿಲ್ಲದೆ ಕನಿಷ್ಠ ಐದು ವರ್ಷ ಅದೇ ಕಸುಬಿನಿಂದ ಬದುಕಿದವರನ್ನು ಬಿ ಭಾಗದಲ್ಲಿ ನೋಂದಾಯಿಸಲು ಅದು ಅವಕಾಶ ಕೊಟ್ಟಿತು. ತಲೆಮಾರಿನಿಂದ ಬಂದ ಕೈಕಸುಬನ್ನು ಒಮ್ಮೆಲೇ ಅಪರಾಧವಾಗಿಸದೆ ಒಂದು ಪೀಳಿಗೆಯ ಕಾಲ ನಡೆಯಲು ಬಿಟ್ಟದ್ದು ವಿವೇಕದ ಕ್ರಮ. ಆದರೂ ಬೀದಿಯ ಹಲ್ಲುವೈದ್ಯ ಮಾಯವಾಗಲಿಲ್ಲ. ಈ ತಾಲ್ಲೂಕುಗಳ ಬಸ್ಸುಗಳು ಹೋಗಿ ನಿಲ್ಲುವ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಪಾದಚಾರಿ ದಾರಿಯಲ್ಲಿ, ಬಟ್ಟೆ ಹಾಸಿ, ಹಲ್ಲಿನ ಸೆಟ್ಟುಗಳನ್ನು ಜೋಡಿಸಿಕೊಂಡು ಕೂರುವವರು 2010ರ ದಶಕದಲ್ಲೂ ಇದ್ದರು. ಅಗ್ಗ, ಬಸ್ಸಿನ ಪಕ್ಕದಲ್ಲೇ, ಚೀಟಿಯಿಲ್ಲ, ಕಾಯುವುದಿಲ್ಲ: ಸೋಂಕಿನ ಭಯವನ್ನು ಇವು ಮರೆಸುತ್ತಿದ್ದವು.

1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಆರಂಭವಾಯಿತು. ರಾಮನಗರ ಸೀಮೆಯ ಬಡವರಿಗೆ ತರಬೇತಿ ಪಡೆದ ಕೈಗಳಿಂದ ಹಲ್ಲು ಕೀಳಿಸಿಕೊಳ್ಳುವ ಮೊದಲ ದೊಡ್ಡ ಜಾಗ ಅದೇ. 1992ರಲ್ಲಿ ಮೈಸೂರು ರಸ್ತೆಯ ಕುಂಬಳಗೋಡಿನ ಬಳಿ ರಾಜರಾಜೇಶ್ವರಿ ದಂತವೈದ್ಯ ಕಾಲೇಜು ಬಂದ ಮೇಲೆ ದೂರ ಬಹಳಷ್ಟು ತಗ್ಗಿತು. ದಂತವೈದ್ಯ ಕಾಲೇಜುಗಳಿಗೆ ವಿದ್ಯಾರ್ಥಿಗಳ ಕಲಿಕೆಗಾಗಿ ರೋಗಿಗಳು ಬೇಕು, ರೋಗಿಗಳಿಗೆ ಕಡಿಮೆ ಖರ್ಚಿನ ಚಿಕಿತ್ಸೆ ಬೇಕು. ಹಳ್ಳಿಗಳಲ್ಲಿ ನಡೆಯುವ ಹಲ್ಲಿನ ಶಿಬಿರಗಳ ಹಿಂದಿರುವುದು ಈ ಕೊಡುಕೊಳ್ಳುವಿಕೆ. ಈಗ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೂ ದಂತವೈದ್ಯರಿದ್ದಾರೆ, ಪೇಟೆಬೀದಿಗಳಲ್ಲಿ ಖಾಸಗಿ ಕ್ಲಿನಿಕ್ಕುಗಳಿವೆ.

ಇಂದು ಹಲ್ಲು ಕೀಳಿಸಿಕೊಳ್ಳಲು ಹೋದವರಿಗೆ ಮೊದಲು ಎದುರಾಗುವುದು ಪ್ರಶ್ನೆಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗವಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ, ಹೆಂಗಸರಾದರೆ ಗರ್ಭಿಣಿಯೇ, ಯಾವ ಔಷಧಿ ಒಗ್ಗುವುದಿಲ್ಲ. ಕ್ಷೌರಿಕರ ಕಾಲದಲ್ಲಿ ಯಾರೂ ಕೇಳದಿದ್ದ ಈ ಪ್ರಶ್ನೆಗಳು ಎಷ್ಟೋ ಪ್ರಾಣ ಉಳಿಸಿವೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಿ ಬರುವುದೂ ಅಪಾಯ. ಆಮೇಲೆ ಎಕ್ಸ್‌ರೇಯಲ್ಲಿ ಬೇರುಗಳ ಸಂಖ್ಯೆ, ಬಾಗು, ನರಕ್ಕಿರುವ ದೂರ ನೋಡುತ್ತಾರೆ. ಇಂಜೆಕ್ಷನ್ ಚುಚ್ಚಿದಾಗ ಒಂದು ಕುಟುಕು. ಕೆಲವು ನಿಮಿಷದಲ್ಲಿ ತುಟಿ, ನಾಲಿಗೆ ದಪ್ಪವಾದಂತೆ ಅನಿಸುತ್ತವೆ. ಮರಗಟ್ಟಿದ ಮೇಲೆ ನೋವು ಗೊತ್ತಾಗದು, ಒತ್ತಡ ಗೊತ್ತಾಗುತ್ತದೆ. ಹಲ್ಲು ಅಲುಗಿಸುವಾಗ ದವಡೆಯೊಳಗೆ ಕಟಕಟ ಸದ್ದೂ ಕೇಳಬಹುದು. ಹೊಸಬರು ಇದನ್ನೇ ನೋವೆಂದು ತಿಳಿದು ಗಾಬರಿಯಾಗುತ್ತಾರೆ. ಚುರುಕ್ಕೆಂದರೆ ಕೈಯೆತ್ತಿ ತಿಳಿಸಬೇಕು, ಇನ್ನಷ್ಟು ಮದ್ದು ಕೊಡುತ್ತಾರೆ. ಮೂಳೆಯೊಳಗೇ ಹುದುಗಿದ ಬುದ್ಧಿಹಲ್ಲಾದರೆ ವಸಡನ್ನು ಸೀಳಿ, ಹಲ್ಲನ್ನು ತುಂಡುಮಾಡಿ ತೆಗೆದು, ಹೊಲಿಗೆ ಹಾಕುತ್ತಾರೆ.

ಮುಂದಿನದು ಹೆಪ್ಪಿನ ಕೆಲಸ. ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪೇ ಗಾಯದ ಮುಚ್ಚಳ; ಅದು ಕಳಚಿದರೆ ಎಲ್ಲ ಕೆಡುತ್ತದೆ. ಗುಳಿಯ ಮೇಲಿಟ್ಟ ಹತ್ತಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿರಬೇಕು. ಪದೇ ಪದೇ ತೆಗೆದು ನೋಡಬಾರದು. ಮೊದಲ ದಿನ ಉಗುಳುವಂತಿಲ್ಲ, ಮುಕ್ಕಳಿಸುವಂತಿಲ್ಲ, ಕೊಳವೆಯಿಂದ ಹೀರುವಂತಿಲ್ಲ. ಎಂಜಲಿನಲ್ಲಿ ಕೆಂಪು ಬೆರೆತು ಬರುವುದು ಸಹಜ. ಒಂದು ಹನಿ ರಕ್ತ ಬಾಯಿತುಂಬ ಎಂಜಲಿಗೆ ಬಣ್ಣ ಕೊಡುತ್ತದೆ. ಮರಗಟ್ಟಿದ ತುಟಿಯನ್ನು ಮಕ್ಕಳು ತಿಳಿಯದೆ ಕಚ್ಚಿಕೊಳ್ಳುವುದುಂಟು. ಕೆನ್ನೆಯ ಹೊರಗೆ ತಣ್ಣನೆಯ ಪಟ್ಟಿ ಇಡಬೇಕು, ಶಾಖ ಕೊಡಬಾರದು. ಮೊಸರನ್ನ, ಆರಿದ ಗಂಜಿ, ತಣ್ಣನೆಯ ಅಂಬಲಿ ಒಳ್ಳೆಯ ಊಟ. ಹಬೆಯಾಡುವ ಮುದ್ದೆಯನ್ನೂ ಖಾರದ ಬಿಸಿ ಸಾರನ್ನೂ ಒಂದೆರಡು ದಿನ ಮುಂದೂಡಬೇಕು. ಇಪ್ಪತ್ತನ್ನಾಲ್ಕು ಗಂಟೆ ಕಳೆದ ಮೇಲೆ ಬೆಚ್ಚನೆಯ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಹೊರಳಿಸಿ ಬಿಡಬಹುದು. ಹಳ್ಳಿಯವರ ಮದ್ದು ಸರಿಯೇ ಇತ್ತು, ಹೊತ್ತು ಮಾತ್ರ ತಪ್ಪಿತ್ತು.

ಊತ ಎರಡು ಮೂರನೇ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಮೂರನೇ ದಿನದ ಹೊತ್ತಿಗೆ ಕಿವಿಯವರೆಗೆ ಸೆಳೆಯುವ ಹೊಸ ನೋವು, ಬಾಯಿಂದ ದುರ್ವಾಸನೆ ಬಂದರೆ ಹೆಪ್ಪು ಕಳಚಿ ಗುಳಿಯ ಮೂಳೆ ಬರಿದಾಗಿದೆ ಎಂದರ್ಥ. ಒಣ ಗುಳಿ ಎಂದು ಕರೆಯುವ ಈ ತೊಂದರೆಯನ್ನು 1896ರಲ್ಲಿ ಕ್ರಾಫರ್ಡ್ ಎಂಬಾತ ಮೊದಲು ವಿವರಿಸಿದ. ಬೀಡಿ, ಸಿಗರೇಟು ಸೇದುವವರಲ್ಲಿ, ಬುದ್ಧಿಹಲ್ಲು ತೆಗೆಸಿದವರಲ್ಲಿ ಇದು ಹೆಚ್ಚು. ಗುಳಿಯನ್ನು ತೊಳೆದು ಮದ್ದಿನ ಬತ್ತಿ ಇಟ್ಟರೆ ಬೇಗ ಶಮನವಾಗುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪನ್ನು ವಾರವಾದರೂ ಬಿಡಬೇಕೆಂಬ ಮಾತನ್ನು ಈ ಸೀಮೆಯ ರೋಗಿಗಳು ಒಪ್ಪುವುದು ಕಷ್ಟ. ಬಿಟ್ಟವರು ಬೇಗ ಗುಣವಾಗುತ್ತಾರೆ ಎಂಬುದರಲ್ಲಿ ಎರಡು ಮಾತಿಲ್ಲ.

ವಾರದಲ್ಲಿ ಹೊಲಿಗೆ ಬಿಚ್ಚುತ್ತಾರೆ. ಮೂರು ನಾಲ್ಕು ವಾರದಲ್ಲಿ ವಸಡು ಮುಚ್ಚಿಕೊಳ್ಳುತ್ತದೆ. ಒಳಗಿನ ಮೂಳೆ ತುಂಬಲು ಮೂರರಿಂದ ಆರು ತಿಂಗಳು ಬೇಕು. ಅಷ್ಟರಲ್ಲಿ ದವಡೆಯ ಏಣು ಕುಗ್ಗಿ ಆಕಾರ ಬದಲಾಗುವುದರಿಂದ, ಅವಸರದಲ್ಲಿ ಮಾಡಿಸಿದ ಹಲ್ಲಿನ ಸೆಟ್ಟು ಸಡಿಲವಾಗುತ್ತದೆ. ಎಲ್ಲ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ 2014–15ರ ಸುಮಾರಿಗೆ ತಂದಿತು. ನಡುವಿನ ಒಂದು ಹಲ್ಲು ಹೋದವರು ಹಾಗೇ ಬಿಟ್ಟರೆ ಅಕ್ಕಪಕ್ಕದವು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನದು ಉದ್ದವಾಗಿ ಇಳಿಯುತ್ತದೆ.

ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಊತ ಕಣ್ಣಿನತ್ತಲೋ ಕುತ್ತಿಗೆಯತ್ತಲೋ ಸರಿದರೆ ಬೆಳಗಾಗುವವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅದಕ್ಕೀಗ ಈ ನಾಲ್ಕೂ ಊರಿನವರು ಬೆಂಗಳೂರಿನ ಬಸ್ಸಿಗೆ ಕಾಯಬೇಕಾಗಿಲ್ಲ.